1836ರ ಆಟಕ್ಕೆ 1836ರ ಸಂಗೀತ: ಹಳೆಯ ಕಾಲದ ಸ್ಟ್ರಾಟಜಿ ಗೇಮ್‌ಗೆ ಹಾಡು ಆರಿಸುವುದು ಹೇಗೆ?

ಹತ್ತೊಂಬತ್ತನೇ ಶತಮಾನದ ಸ್ಟ್ರಾಟಜಿ ಗೇಮ್ ಆಡುವವರು, ಅವಕ್ಕೆ ಮಾಡ್ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಆಟದ ಜೊತೆ ಬಂದ ಸಂಗೀತ ಕೇಳಿ ಕೇಳಿ ಸಾಕಾಗಿದೆ. ಆ ಕಾಲದ್ದೇ ಸಂಗೀತ ಹಾಕಬೇಕು. ಯಾವುದು ಸರಿ?" ಸುಮ್ನೆ ಇಪ್ಪತ್ತು ಹೆಸರು ಬರೆದು ಕೊಡಬಹುದು. ಆದರೆ ನೀವು ಪ್ರಶ್ಯಾ (ಆಗಿನ ದೊಡ್ಡ ಜರ್ಮನ್ ರಾಜ್ಯ) ಬಿಟ್ಟು ಜಪಾನ್ ಆಡಲು ಕೂತ ದಿನ ಆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಇಲ್ಲಿ ಆರಿಸುವ ಕ್ರಮವನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಮಾಡ್ ಅಂದರೆ ಆಟದ ಮೂಲ ಫೈಲುಗಳನ್ನು ಕೆಡಿಸದೆ ಆಟಗಾರರೇ ಮಾಡಿ ಸೇರಿಸುವ ಬದಲಾವಣೆ. ಉದಾಹರಣೆಗೆ ವಿಕ್ಟೋರಿಯಾ ಸರಣಿಯ ಆಟಗಳ ಅವಧಿಯನ್ನೇ ಇಟ್ಟುಕೊಂಡಿದ್ದೇನೆ, ಅಂದರೆ 1836ರಿಂದ 1936. ನಿಮ್ಮ ಆಟ ಬೇರೆಯದಾದರೂ ಕ್ರಮ ಇದೇ.

ಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ಒಳ್ಳೆಯ ಹೆಡ್‌ಫೋನ್, ಪಟ್ಟಿ ಬರೆಯಲು ಒಂದು ಸ್ಪ್ರೆಡ್‌ಶೀಟ್, ಧ್ವನಿ ತಿದ್ದಲು ಅಡಾಸಿಟಿಯಂಥ ಉಚಿತ ಸಾಫ್ಟ್‌ವೇರ್, ಮತ್ತೆ ಕೇಳುವ ತಾಳ್ಮೆ.

ಹಂತ 1: ನೂರು ವರ್ಷವನ್ನು ತುಂಡು ಮಾಡಿ

"ಹತ್ತೊಂಬತ್ತನೇ ಶತಮಾನದ ಸಂಗೀತ" ಅಂತ ಒಂದೇ ವಸ್ತು ಇಲ್ಲ. 1836ರಲ್ಲಿ ಪಿಯಾನೊ ರಚನಕಾರ ಶೋಪಾನ್‌ಗೆ ಇಪ್ಪತ್ತಾರು ವರ್ಷ. 1936ರ ಹೊತ್ತಿಗೆ ರೇಡಿಯೊದಲ್ಲಿ ಜಾಝ್ ಬರುತ್ತಿತ್ತು. ಎರಡನ್ನೂ ಒಂದೇ ಪಟ್ಟಿಗೆ ಹಾಕಿ ಕಲಸಿದರೆ ಕಾಲ ಸರಿಯುತ್ತಿದೆ ಅನ್ನುವ ಅನುಭವವೇ ಹೋಗುತ್ತದೆ.

ಐದು ತುಂಡು ಸಾಕು: 1836–1848, 1848–1871, 1871–1900, 1900–1914, ಆಮೇಲಿನದು. ಇವು ಯುರೋಪಿನ ರಾಜಕೀಯದ ತಿರುವುಗಳೂ ಹೌದು. 1848ರ ಕ್ರಾಂತಿಗಳು, 1871ರ ಜರ್ಮನಿಯ ಏಕೀಕರಣ, 1914ರ ಯುದ್ಧ. ನೀವು ಆಡುವ ದೇಶಕ್ಕೆ ಬೇರೆ ತಿರುವು ಇದ್ದರೆ ಅದನ್ನೇ ಹಿಡಿಯಿರಿ. ಜಪಾನಿಗೆ 1853 (ಅಮೆರಿಕದ ಯುದ್ಧನೌಕೆಗಳು ಬಂದದ್ದು) ಮತ್ತು 1868 (ಮೇಜಿ ಆಡಳಿತ ಶುರುವಾದದ್ದು), ಅಮೆರಿಕಕ್ಕೆ 1861ರ ಅಂತರ್ಯುದ್ಧ, ಭಾರತಕ್ಕೆ 1857.

ಮೊದಲ ತುಂಡಿಗೆ ಒಂದು ಖುಷಿಯ ವಿಷಯ. ಆಟ ಶುರುವಾಗುವ 1836ರಲ್ಲೇ ಎರಡು ದೊಡ್ಡ ಒಪೆರಾಗಳು (ಹಾಡಿನಲ್ಲೇ ನಡೆಯುವ ನಾಟಕಗಳು) ಮೊದಲ ಸಲ ರಂಗಕ್ಕೆ ಬಂದವು. ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಮೈಯರ್‌ಬೀರನ 'ಲೆ ಯುಗೆನೋ', ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗ್ಲಿಂಕಾನ 'ತ್ಸಾರನಿಗಾಗಿ ಪ್ರಾಣ'. ರಷ್ಯಾ ಆಡುವವರಿಗೆ ಗ್ಲಿಂಕಾಗಿಂತ ಒಳ್ಳೆಯ ಆರಂಭ ನನಗಂತೂ ಗೊತ್ತಿಲ್ಲ.

ಹಂತ 2: ಪ್ರತಿ ರಚನೆಗೂ ಮೂರು ಪ್ರಶ್ನೆ ಕೇಳಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ. ಬರೆದ ವರ್ಷ ನೋಡಿದರೆ ಸಾಲದು. ಆ ವರ್ಷ, ಆ ದೇಶದಲ್ಲಿ, ಅದು ನಿಜವಾಗಿ ಯಾರ ಕಿವಿಗೆ ಬೀಳುತ್ತಿತ್ತು ಅನ್ನುವುದನ್ನು ನೋಡಬೇಕು. ಸ್ಪ್ರೆಡ್‌ಶೀಟಿನಲ್ಲಿ ಮೂರು ಕಾಲಂ ಮಾಡಿ: ಯಾವಾಗ ಬರೆದದ್ದು, ಎಲ್ಲಿ ಯಾವಾಗ ಜನ ಕೇಳಿದ್ದು, ಯಾರು ಕೇಳಿದ್ದು.

ಮೊದಲ ಪ್ರಶ್ನೆಗೇ ಬೀಳುವ ರಚನೆಗಳಿವೆ. ಚೈಕೋವ್‌ಸ್ಕಿಯ '1812' ನೆಪೋಲಿಯನ್ನನ ಕಾಲದ್ದಲ್ಲ. ಬರೆದದ್ದು 1880ರಲ್ಲಿ, ಮಾಸ್ಕೋದಲ್ಲಿ ನುಡಿಸಿದ್ದು 1882ರಲ್ಲಿ. ಹೆಸರಿನಲ್ಲಿ ವರ್ಷ ಇದೆ ಅಂತ ನಂಬಬೇಡಿ. 1871ರ ಪ್ಯಾರಿಸ್ ಕಮ್ಯೂನ್ ದಂಗೆಗೆ ಕಾರ್ಮಿಕರ ಹಾಡಾದ 'ಇಂಟರ್‌ನ್ಯಾಷನಲ್' ಹಾಕುವುದು ಇನ್ನೊಂದು ತಪ್ಪು. ಅದರ ಸಾಹಿತ್ಯ 1871ರದ್ದೇ. ಆದರೆ ನಮಗೆ ಗೊತ್ತಿರುವ ಮಟ್ಟು ಹುಟ್ಟಿದ್ದು 1888ರಲ್ಲಿ. ಆಟದಲ್ಲಿ 1890ರ ನಂತರ ಕಾರ್ಮಿಕರು ಬೀದಿಗಿಳಿದಾಗ ಹಾಕಿ, ಆಗ ಅದಕ್ಕೆ ತೂಕ ಬರುತ್ತದೆ. 1848ರ ದಂಗೆಗೆ ಫ್ರೆಂಚ್ ಕ್ರಾಂತಿಯ ಕಾಲದ, 1792ರ 'ಮಾರ್ಸೆಯೇಸ್' ಇದ್ದೇ ಇದೆ.

ಎರಡನೇ ಪ್ರಶ್ನೆಯಲ್ಲಿ ಜಾಸ್ತಿ ಜನ ಎಡವುತ್ತಾರೆ. "ಆಟದ ಕಾಲಕ್ಕಿಂತ ಹಳೆಯದು, ಹಾಗಾಗಿ ಸುರಕ್ಷಿತ" ಅನ್ನುವ ಲೆಕ್ಕ ತಪ್ಪು. ವಿವಾಲ್ಡಿಯ 'ನಾಲ್ಕು ಋತುಗಳು' ಅಚ್ಚಾದದ್ದು 1725ರಲ್ಲಿ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಜನ ಅದನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದರು. ಪಾಖೆಲ್ಬೆಲ್‌ನ 'ಕ್ಯಾನನ್' ಮೊದಲ ಸಲ ಅಚ್ಚಾದದ್ದು 1919ರಲ್ಲಿ. ಅಲ್ಬಿನೋನಿಯ ಹೆಸರಿನಲ್ಲಿರುವ ಪ್ರಸಿದ್ಧ 'ಅಡಾಜಿಯೊ' ಪ್ರಕಟವಾದದ್ದು 1958ರಲ್ಲಿ. ಬರೆದವನು ಜಾಝೋಟೊ ಎಂಬ ವಿದ್ವಾಂಸ. "ಕ್ಲಾಸಿಕಲ್ ಸಂಗೀತ" ಅಂತ ಹುಡುಕಿದರೆ ಮೊದಲು ಸಿಗುವುದೇ ಈ ಮೂರು, ಎಚ್ಚರ! ಬಾಖ್‌ನ ವಿಷಯ ಬೇರೆ. ಮೆಂಡೆಲ್‌ಸನ್ 1829ರಲ್ಲಿ ಬರ್ಲಿನ್ನಿನಲ್ಲಿ ಅವನ 'ಮ್ಯಾಥ್ಯೂ ಪ್ಯಾಶನ್' ಮತ್ತೆ ನಡೆಸಿದ. ಆಮೇಲೆ ಬಾಖ್ ಜರ್ಮನ್ನರ ಕಿವಿಗೆ ಮರಳಿದ. ಪ್ರಶ್ಯಾಕ್ಕೆ ಧಾರಾಳವಾಗಿ ಹಾಕಬಹುದು.

ಮೂರನೇ ಪ್ರಶ್ನೆ, ಯಾರು ಕೇಳುತ್ತಿದ್ದರು? ಇಂಥ ಆಟಗಳಲ್ಲಿ ಜನರನ್ನು ಜಮೀನುದಾರ, ವ್ಯಾಪಾರಿ, ಗುಮಾಸ್ತ, ಕಾರ್ಮಿಕ ಅಂತ ವರ್ಗ ಮಾಡಿರುತ್ತಾರೆ. ಸಂಗೀತವೂ ಹಾಗೇ ಹಂಚಿಹೋಗಿತ್ತು. ಒಪೆರಾ ಮನೆಯ ಬಾಕ್ಸುಗಳಲ್ಲಿ ಶ್ರೀಮಂತರು. ಮಧ್ಯಮ ವರ್ಗದ ಮನೆಯ ಹಜಾರದಲ್ಲಿ ಪಿಯಾನೊ. ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಕಾರ್ಮಿಕರೇ ಊದುವ ಹಿತ್ತಾಳೆ ವಾದ್ಯಗಳ ಬ್ಯಾಂಡ್. ಯಾರ್ಕ್‌ಷೈರಿನ ಬ್ಲ್ಯಾಕ್ ಡೈಕ್ ಬ್ಯಾಂಡ್ ಹಾಗೆ ಗಿರಣಿಯೊಂದರಿಂದ ಬೆಳೆದು ಇವತ್ತಿಗೂ ನುಡಿಸುತ್ತಿದೆ. ಕಾರ್ಖಾನೆ ಕಟ್ಟುವ ದೇಶಕ್ಕೆ ಬರೀ ಒಪೆರಾ ಹಾಕಿದರೆ ಆ ದೇಶದ ಬಹುಪಾಲು ಜನರೇ ಕೇಳಿಸುವುದಿಲ್ಲ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಕ್ಷೆಯ ಮೇಲೆ ಅಂಕಿಯಾಗಿ ಕಾಣುವ ಜನಕ್ಕೆ ದನಿ ಕೊಡಲು ಇರುವ ದಾರಿ ಸಂಗೀತವೊಂದೇ.

ಹಂತ 3: ದೇಶಕ್ಕೆ ತಕ್ಕಂತೆ ಜೋಡಿಸಿ

ಆಸ್ಟ್ರಿಯಾದಿಂದ ಶುರು ಮಾಡಿ, ಸುಲಭ. 'ರಾಡೆಟ್ಸ್‌ಕಿ ಮಾರ್ಚ್' 1848ರ ಆಗಸ್ಟ್ 31ರಂದು ವಿಯೆನ್ನಾದಲ್ಲಿ ಮೊದಲು ಕೇಳಿಸಿತು. ಇಟಲಿಯ ಕುಸ್ತೋಝಾದಲ್ಲಿ ಗೆದ್ದ ಸೇನಾಪತಿಯ ಗೌರವಕ್ಕೆ ಅಪ್ಪ ಸ್ಟ್ರೌಸ್ ಬರೆದದ್ದು. ಅದೇ ವರ್ಷ ಮಗ ಸ್ಟ್ರೌಸ್ ಕ್ರಾಂತಿಕಾರರ ಕಡೆ ನಿಂತು 'ಮಾರ್ಸೆಯೇಸ್' ನುಡಿಸಿ ಪೊಲೀಸರ ಕಣ್ಣಿಗೆ ಬಿದ್ದಿದ್ದ. 1848ರ ಆಸ್ಟ್ರಿಯಾಕ್ಕೆ ಎರಡನ್ನೂ ಹಾಕಿ. ಒಂದೇ ಮನೆಯಲ್ಲಿ ದೇಶ ಹೇಗೆ ಒಡೆದಿತ್ತು ಅನ್ನುವುದು ಗೊತ್ತಾಗುತ್ತದೆ. ಮಗ ಸ್ಟ್ರೌಸನ 'ಬ್ಲೂ ಡ್ಯಾನ್ಯೂಬ್' ವಾಲ್ಟ್ಸ್ (ಜೋಡಿ ಕುಣಿತದ ಸಂಗೀತ) ಅನ್ನು ಮಾತ್ರ 1867ಕ್ಕೆ ಮುಂಚೆ ತರಬೇಡಿ. ಹಿಂದಿನ ವರ್ಷವಷ್ಟೇ ಪ್ರಶ್ಯಾದ ಕೈಲಿ ಸೋತು ಕುಗ್ಗಿದ್ದ ಊರಿನಲ್ಲಿ ಅದು ಹುಟ್ಟಿತು.

ಜರ್ಮನಿಯಲ್ಲಿ ಒಂದು ದೊಡ್ಡ ಗುಂಡಿ ಇದೆ. ಇಂದಿನ ಜರ್ಮನ್ ರಾಷ್ಟ್ರಗೀತೆಯ ಮಟ್ಟನ್ನು 1871ರ ಸಾಮ್ರಾಜ್ಯಕ್ಕೆ ಹಾಕುವವರು ಬಹಳ. ಆ ಮಟ್ಟು ಹೈಡನ್ 1797ರಲ್ಲಿ ಆಸ್ಟ್ರಿಯಾದ ಚಕ್ರವರ್ತಿಗಾಗಿ ಮಾಡಿದ್ದು. ಜರ್ಮನಿ ಅದನ್ನು ರಾಷ್ಟ್ರಗೀತೆ ಮಾಡಿಕೊಂಡದ್ದು 1922ರಲ್ಲಿ. ನಿಮ್ಮ ಆಟದಲ್ಲಿ ಪ್ರಶ್ಯಾದ ಬಿಸ್ಮಾರ್ಕ್ ಗೆದ್ದಾಗ ಅದು ಮೊಳಗಿದರೆ, ಆಗಿನ ಲೆಕ್ಕದಲ್ಲಿ ಸೋತ ಆಸ್ಟ್ರಿಯಾದ ಗೀತೆ ಮೊಳಗಿದ ಹಾಗೆ. ಪ್ರಶ್ಯಾದ ರಾಜಗೀತೆ ಇದ್ದದ್ದು ಬ್ರಿಟನ್ನಿನ 'ಗಾಡ್ ಸೇವ್ ದ ಕಿಂಗ್' ಮಟ್ಟಿನಲ್ಲಿ. 1866 ಮತ್ತು 1871ರ ಗೆಲುವುಗಳಿಗೆ ಪೀಫ್ಕೆಯ 'ಕೋನಿಗ್‌ಗ್ರೆಟ್ಸ್ ಮಾರ್ಚ್', 'ಪ್ರಾಯ್ಸೆನ್ಸ್ ಗ್ಲೋರಿಯಾ' ಸರಿಯಾಗಿ ಕೂರುತ್ತವೆ.

ಫ್ರಾನ್ಸಿನಲ್ಲೂ ಜಾಗ್ರತೆ. ಮೂರನೇ ನೆಪೋಲಿಯನ್ನನ ಕಾಲಕ್ಕೆ 'ಮಾರ್ಸೆಯೇಸ್' ಸರ್ಕಾರದ ಹಾಡಲ್ಲ. ಅದು ಮತ್ತೆ ರಾಷ್ಟ್ರಗೀತೆಯಾದದ್ದು 1879ರಲ್ಲಿ. ಆ ಸಾಮ್ರಾಜ್ಯದ ದರಬಾರಿಗೆ 'ಪಾರ್ತಾಂ ಪೂರ್ ಲಾ ಸಿರಿ', ಪ್ಯಾರಿಸ್ಸಿನ ಮೋಜಿಗೆ 1858ರ ನಂತರದ ಹಾಸ್ಯ ಒಪೆರಾಗಳ ರಚನಕಾರ ಓಫೆನ್‌ಬಾಖ್.

ಒಟ್ಟೊಮನ್ ಸಾಮ್ರಾಜ್ಯದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತುರ್ಕಿ ಅಂದ ಕೂಡಲೇ ಎಲ್ಲರೂ ಮೆಹ್ತರ್ ಹಾಕುತ್ತಾರೆ. ಮೆಹ್ತರ್ ಅಂದರೆ ನಗಾರಿ, ಝುರ್ನಾ, ತಾಳಗಳ ಹಳೆಯ ಸೇನಾವಾದ್ಯ. ಆದರೆ 1826ರಲ್ಲಿ ಸುಲ್ತಾನ ಎರಡನೇ ಮಹಮೂದ್ ಜಾನಿಸರಿ ಅನ್ನುವ ಹಳೆಯ ಕಾಲಾಳು ಪಡೆಯನ್ನೇ ಅಳಿಸಿಹಾಕಿದ. ಅದರ ಜೊತೆ ಮೆಹ್ತರ್ ಕೂಡ ಹೋಯಿತು. ಎರಡು ವರ್ಷಕ್ಕೆ ಇಟಲಿಯಿಂದ ಜುಸೆಪ್ಪೆ ಡೊನಿಝೆಟ್ಟಿ ಬಂದು ಯುರೋಪಿಯನ್ ಮಾದರಿಯ ಬ್ಯಾಂಡ್ ಕಟ್ಟಿದ. ಒಪೆರಾ ಬರೆದ ಡೊನಿಝೆಟ್ಟಿ ಇವನ ತಮ್ಮ. 1839ರಲ್ಲಿ ಪಟ್ಟಕ್ಕೆ ಬಂದ ಅಬ್ದುಲ್‌ಮೆಜಿದ್‌ಗೆ 'ಮೆಜಿದಿಯೆ ಮಾರ್ಚ್' ಬರೆದವನೂ ಜುಸೆಪ್ಪೆಯೇ. 1847ರಲ್ಲಿ ಹಂಗೇರಿಯ ವಾದಕ ಫ್ರಾಂಝ್ ಲಿಸ್ಟ್ ಇಸ್ತಾಂಬುಲಿಗೆ ಬಂದು ಸುಲ್ತಾನನ ಮುಂದೆ ಪಿಯಾನೊ ನುಡಿಸಿದ. ಮುಂದೆ ಸುಲ್ತಾನ ಅಬ್ದುಲ್‌ಅಝೀಝ್ ತಾನೇ ವಾಲ್ಟ್ಸ್ ಬರೆದ. ಹಾಗಾಗಿ 1836ರ ಇಸ್ತಾಂಬುಲಿಗೆ ಇಟಾಲಿಯನ್ ಶೈಲಿಯ ಮಾರ್ಚೇ ಸರಿ. ಅರಮನೆಯ ಹೊರಗಿನ ದನಿ ಬೇಕಿದ್ದರೆ ನೇಯ್ ಕೊಳಲು, ತಂಬೂರ್ ಇರುವ ತುರ್ಕಿಯ ಶಾಸ್ತ್ರೀಯ ಸಂಗೀತ ಹಾಕಿ. ಎಲ್ಲರೂ ಬಳಸುವ ಮೆಹ್ತರ್ ಮಾರ್ಚ್ 'ಜೆದ್ದಿನ್ ದೆದೆನ್' ಇಪ್ಪತ್ತನೇ ಶತಮಾನದ ಆರಂಭದ್ದು.

ದೇಶ ಇಲ್ಲದ ಜನಕ್ಕೂ ಸಂಗೀತ ಇತ್ತು. ಪೋಲೆಂಡ್ ನಕ್ಷೆಯಲ್ಲಿ ಇರಲಿಲ್ಲ. ಶೋಪಾನ್ ಪ್ಯಾರಿಸ್ಸಿನಲ್ಲಿ ಕೂತು ಮಝುರ್ಕಾ, ಪೊಲೊನೇಸ್ ಎಂಬ ಪೋಲಿಷ್ ಕುಣಿತದ ಮಟ್ಟುಗಳನ್ನು ಬರೆಯುತ್ತಿದ್ದ. ಝೆಕ್ ಜನಕ್ಕೆ 1874ರ ನಂತರ ಸ್ಮೆಟನಾನ 'ವ್ಲ್ತಾವಾ', ಫಿನ್ನರಿಗೆ 1899ರ ನಂತರ ಸಿಬೇಲಿಯಸ್‌ನ 'ಫಿನ್‌ಲ್ಯಾಂಡಿಯಾ'. ರಷ್ಯಾದ ಹಿಡಿತದಲ್ಲಿ ಅದನ್ನು ಬೇರೆ ಹೆಸರಿನಲ್ಲಿ ನುಡಿಸಬೇಕಾಗಿ ಬಂದಿತ್ತು. ಬಂಡಾಯದ ಘಟನೆಗಳಿಗೆ ಇವನ್ನು ತೆಗೆದಿಡಿ.

ಅಮೆರಿಕದಲ್ಲಿ ಸಾಹಿತ್ಯ ಓದದೆ ಹಾಡು ಹಾಕಬೇಡಿ. 1840–60ರ ಜನಪ್ರಿಯ ಹಾಡುಗಳಲ್ಲಿ ಬಹಳಷ್ಟು ಮಿನ್‌ಸ್ಟ್ರೆಲ್ ಆಟಗಳಿಂದ ಬಂದವು. ಅಂದರೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ಪ್ರದರ್ಶನ. 1848ರ 'ಓ ಸುಸಾನಾ' ಕೂಡ ಅಲ್ಲಿಯದೇ. ಬೇಕೇ ಬೇಕಿದ್ದರೆ ವಾದ್ಯದ ಆವೃತ್ತಿ ಬಳಸಿ. ಕಪ್ಪು ಜನರದೇ ದನಿಗೆ ಸ್ಪಿರಿಚುವಲ್ ಹಾಡುಗಳಿವೆ. 1871ರಿಂದ ಫಿಸ್ಕ್ ಜುಬಿಲಿ ಸಿಂಗರ್ಸ್ ಅವನ್ನು ಊರೂರಿಗೆ ಒಯ್ದು ಹಾಡಿದರು.

ಜಪಾನಿಗೆ 1853ಕ್ಕೆ ಮುಂಚೆ ಕೊತೊ, ಶಾಮಿಸೆನ್ ಎಂಬ ತಂತಿವಾದ್ಯಗಳು, ಗಾಗಾಕು ಎಂಬ ಅರಮನೆಯ ಸಂಗೀತ. ಹಿತ್ತಾಳೆ ಬ್ಯಾಂಡ್ ಬೇಡ. ರಾಷ್ಟ್ರಗೀತೆ 'ಕಿಮಿಗಾಯೊ'ದ ಈಗಿನ ಮಟ್ಟು 1880ರದ್ದು.

ಹಂತ 4: ಮೈಸೂರು ಆಡುವವರಿಗೆ

ಕನ್ನಡದ ಆಟಗಾರರು ಒಂದಲ್ಲ ಒಂದು ದಿನ ಮೈಸೂರು ಹಿಡಿಯುತ್ತಾರೆ, ಅಲ್ವಾ? 1836ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದರು. ಆಡಳಿತ 1831ರಿಂದಲೇ ಬ್ರಿಟಿಷ್ ಕಮಿಷನರ ಕೈಲಿತ್ತು. ಅರಮನೆಯಲ್ಲಿ ವೀಣೆ, ಹಾಡುಗಾರಿಕೆಗೆ ಆಶ್ರಯ ಇತ್ತು. ತ್ಯಾಗರಾಜರ ಶಿಷ್ಯಪರಂಪರೆಯ ಮೈಸೂರು ಸದಾಶಿವರಾಯರು ಮುಮ್ಮಡಿಯವರ ಆಸ್ಥಾನದಲ್ಲೇ ಇದ್ದವರು. ತ್ಯಾಗರಾಜರು ಸ್ವತಃ 1847ರವರೆಗೆ ಬದುಕಿದ್ದರು. ಹಾಗಾಗಿ ಒಂಟಿ ವೀಣೆಯಲ್ಲಿ ಇವರ ಕೃತಿಗಳು ಮೊದಲ ಆಯ್ಕೆ. ದಾಸರ ಪದಗಳು ಎಲ್ಲ ಕಾಲಕ್ಕೂ ಸಲ್ಲುತ್ತವೆ.

ಮೈಸೂರು ಸಂಸ್ಥಾನದ ಗೀತೆ 'ಕಾಯೌ ಶ್ರೀ ಗೌರಿ' ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಅದನ್ನು ಬರೆದ ಬಸಪ್ಪ ಶಾಸ್ತ್ರಿಗಳು ಹುಟ್ಟಿದ್ದು 1843ರಲ್ಲಿ! ಅದನ್ನು ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿದ 1881ಕ್ಕೆ ಕಾದಿಡಿ. ಆಟದಲ್ಲಿ ಮೈಸೂರು ಸ್ವತಂತ್ರವಾಗುವ ಘಟನೆಗೂ ಚೆನ್ನಾಗಿ ಒಪ್ಪುತ್ತದೆ.

ಬೆಂಗಳೂರು ದಂಡಿನಲ್ಲಿ 1809ರಿಂದ ಬ್ರಿಟಿಷ್ ಪಡೆಗಳಿದ್ದವು. ಆದ್ದರಿಂದ ಮಿಲಿಟರಿ ಬ್ಯಾಂಡ್ ಹಾಕಿದರೆ ತಪ್ಪಲ್ಲ. ಎರಡು ಲೋಕ ಬೆರೆತದ್ದು ಬೇಕಿದ್ದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ಹುಡುಕಿ. ಇವು ಪಾಶ್ಚಾತ್ಯ ಮಟ್ಟುಗಳಿಗೆ ಬರೆದ ಸಂಸ್ಕೃತ ರಚನೆಗಳು. 'ಸಂತತಂ ಪಾಹಿಮಾಂ' ಹಾಡಿನ ಮಟ್ಟು 'ಗಾಡ್ ಸೇವ್ ದ ಕಿಂಗ್'. ಪ್ರಶ್ಯಾದ ರಾಜ ಕೇಳುತ್ತಿದ್ದ ಅದೇ ಮಟ್ಟು! ದೀಕ್ಷಿತರು 1835ರಲ್ಲಿ ತೀರಿಕೊಂಡರು. ಆಟ ಶುರುವಾಗುವ ಹೊತ್ತಿಗೆ ಇದು ಆಗಲೇ ಇತ್ತು.

ಹಳ್ಳಿ ಮತ್ತು ಬಂಡಾಯದ ದನಿಗೆ ಉತ್ತರ ಕರ್ನಾಟಕದ ಲಾವಣಿಗಳಿಗಿಂತ ಬೇರೆ ಬೇಕಿಲ್ಲ. ಸಂಗೊಳ್ಳಿ ರಾಯಣ್ಣನ ಮೇಲೆ, 1857ರ ಹಲಗಲಿ ಬೇಡರ ಮೇಲೆ ಕಟ್ಟಿದ ಲಾವಣಿಗಳನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಮಾಡಿಸಿದ. ಅಂದರೆ ಆ ಕಾಲದ ಜನ ಹಾಡುತ್ತಿದ್ದರು ಅನ್ನುವುದಕ್ಕೆ ಪುರಾವೆ ಇದೆ. ದಪ್ಪು, ತುಂತುಣಿ ಇರುವ ಧ್ವನಿಮುದ್ರಿಕೆ ಆರಿಸಿ. ಕೀಬೋರ್ಡ್ ಸೇರಿಸಿದ್ದು ಬೇಡ.

ಭಾರತದ ಯಾವ ಭಾಗ ಆಡಿದರೂ ಹಾರ್ಮೋನಿಯಂ ಬಗ್ಗೆ ಎಚ್ಚರ ಇರಲಿ. ಆ ಪೆಟ್ಟಿಗೆಗೆ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1840ರ ಸುಮಾರಿಗೆ. ನೆಲದ ಮೇಲೆ ಕೂತು ಒಂದು ಕೈಲಿ ಗಾಳಿ ಹಾಕುವ ಮಾದರಿಯನ್ನು ಕಲ್ಕತ್ತಾದಲ್ಲಿ ದ್ವಾರಕಾನಾಥ ಘೋಷ್ ಮಾಡಿದ್ದು 1875ರ ಹೊತ್ತಿಗೆ. 1836ರ ಲಖನೌ ದರಬಾರಿನ ಠುಮ್ರಿಗೆ ಸಾರಂಗಿಯೇ ಸರಿ. ಪಿಟೀಲು ಮಾತ್ರ ದಕ್ಷಿಣದಲ್ಲಿ ಆಗಲೇ ಬೇರೂರಿತ್ತು.

ಹಂತ 5: ವಾದ್ಯ ಮತ್ತು ಧ್ವನಿಮುದ್ರಣ ನೋಡಿ

ರಚನೆ ಸರಿ ಇದ್ದರೂ ನುಡಿಸಿದ ರೀತಿ ಕಾಲ ತಪ್ಪಿಸಬಹುದು. ಸ್ಯಾಕ್ಸೋಫೋನಿಗೆ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ಆಗಿನ ಪಿಟೀಲುಗಳಿಗೆ ಕರುಳಿನ ತಂತಿ, ಅದರ ನಾದ ಮೆತ್ತಗೆ. ಪಿಯಾನೊ ಕೂಡ ಈಗಿನಷ್ಟು ಗಡುಸಾಗಿರಲಿಲ್ಲ. "ಪೀರಿಯಡ್ ಇನ್‌ಸ್ಟ್ರುಮೆಂಟ್ಸ್" ಅಂತ ಬರೆದ ಆಲ್ಬಂ ಸಿಕ್ಕರೆ ಬಿಡಬೇಡಿ. ಆ ಕಾಲದ ವಾದ್ಯ ಅಥವಾ ಅದರ ತದ್ರೂಪಿನಲ್ಲಿ ನುಡಿಸಿದ್ದು ಅಂತ ಅರ್ಥ.

ಹಳೆಯದು ಅನ್ನಿಸಲಿ ಅಂತ ಗ್ರಾಮಫೋನಿನ ಚರಪರ ಸದ್ದು ಬೆರೆಸುವ ಚಟ ಬಿಡಿ. ಎಡಿಸನ್ನನ ಫೋನೋಗ್ರಾಫ್ ಬಂದದ್ದೇ 1877ರಲ್ಲಿ. ಭಾರತದಲ್ಲಿ ಗೌಹರ್ ಜಾನ್ ಹಾಡಿದ್ದು 1902ರಲ್ಲಿ ಮುದ್ರಣವಾಯಿತು. 1840ರ ಜನ ಸಂಗೀತ ಕೇಳಿದ್ದೆಲ್ಲ ಎದುರಿಗೇ, ಚರಪರ ಇಲ್ಲದ ಸ್ಪಷ್ಟ ದನಿಯಲ್ಲಿ.

ಹಂತ 6: ಹಕ್ಕು ವಿಚಾರಿಸಿ

"ಇನ್ನೂರು ವರ್ಷದ ಹಾಡು, ಯಾರಿಗೂ ಸೇರಿದ್ದಲ್ಲ" ಅನ್ನುವುದು ಅರ್ಧ ನಿಜ. ಇಲ್ಲಿ ಎರಡು ಹಕ್ಕು ಇವೆ. ರಚನೆಯದ್ದು ಒಂದು, ಧ್ವನಿಮುದ್ರಿಕೆಯದ್ದು ಇನ್ನೊಂದು. ಭಾರತದ ಕಾನೂನಿನಲ್ಲಿ ರಚನೆಯ ಹಕ್ಕು ರಚನಕಾರ ತೀರಿಕೊಂಡ ಮೇಲೆ 60 ವರ್ಷ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಇಟಲಿಯ ಒಪೆರಾ ರಚನಕಾರ ವೆರ್ಡಿ ಎಲ್ಲರಿಗೂ ಸೇರಿದವನು. ಆದರೆ ಹೋದ ವರ್ಷ ಮುದ್ರಿಸಿದ ವೆರ್ಡಿ ಆ ಆರ್ಕೆಸ್ಟ್ರಾದ್ದು. ಬೇರೆ ದೇಶಗಳಲ್ಲಿ ಅವಧಿ ಬೇರೆ. ಯುರೋಪಿನ ಬಹುತೇಕ ಕಡೆ ಇದು 70 ವರ್ಷ.

ನೀವೊಬ್ಬರೇ ಮನೆಯಲ್ಲಿ ಕೇಳಲು ಕೊಂಡ ಆಲ್ಬಂ ಸಾಕು. ಮಾಡ್ ಹಂಚುವುದಾದರೆ ಮುಸೋಪೆನ್, ಇಂಟರ್ನೆಟ್ ಆರ್ಕೈವ್‌ಗಳಲ್ಲಿ ಮುಕ್ತ ಪರವಾನಗಿ ಇರುವ ಮುದ್ರಿಕೆ ಹುಡುಕಿ. ಅಮೆರಿಕದ ಮರೀನ್ ಬ್ಯಾಂಡ್ ನುಡಿಸಿದ ಸೂಸಾನ ಮಾರ್ಚುಗಳು ಉಚಿತವಾಗಿ ಸಿಗುತ್ತವೆ. ಪರವಾನಗಿಯಲ್ಲಿ "ಸಿಸಿ ಬೈ" (ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್) ಅಂತ ಇದ್ದರೆ ಹೆಸರು ಹೇಳಿ ಬಳಸಬಹುದು. "ಎನ್‌ಸಿ" ಇದ್ದರೆ ದುಡ್ಡು ಮಾಡುವ ಹಾಗಿಲ್ಲ. "ಎನ್‌ಡಿ" ಇದ್ದರೆ ಬದಲಾಯಿಸುವ ಹಾಗಿಲ್ಲ. ಕತ್ತರಿಸುವ ಆಲೋಚನೆ ಇದ್ದರೆ ಇದನ್ನು ಬಿಟ್ಟುಬಿಡಿ. ಆಟ ಆಡುತ್ತಾ ಯೂಟ್ಯೂಬಿಗೆ ವಿಡಿಯೊ ಹಾಕುವವರು ಮುಕ್ತ ಮುದ್ರಿಕೆಗೂ ಕೆಲವೊಮ್ಮೆ ತಪ್ಪು ದೂರು ಬರುತ್ತದೆ ಅನ್ನುವುದನ್ನು ನೆನಪಿಡಿ. ಪರವಾನಗಿ ಪುಟದ ಚಿತ್ರ ತೆಗೆದಿಟ್ಟುಕೊಂಡಿರಿ.

ಹಂತ 7: ಆಡುತ್ತಾ ಕೇಳಿ, ಜರಡಿ ಹಿಡಿಯಿರಿ

ಇದು ಯೋಚಿಸುತ್ತಾ ಆಡುವ ಆಟ. ಸುಂಕ ಎಷ್ಟಿಡಲಿ ಅಂತ ಲೆಕ್ಕ ಹಾಕುವಾಗ ತುತ್ತೂರಿ ತಲೆಯ ಮೇಲೆ ಊದಬಾರದು. ಶಾಂತಿಕಾಲಕ್ಕೆ ಪಿಯಾನೊ, ತಂತಿವಾದ್ಯಗಳ ಚತುರ್ಗೋಷ್ಠಿ, ವೀಣೆ. ಮಾರ್ಚುಗಳನ್ನು ಯುದ್ಧಕ್ಕೆ ಮಾತ್ರ ಇಡಿ. ನಿಮಗೆ ಅರ್ಥವಾಗುವ ಭಾಷೆಯ ಹಾಡು ಗಮನ ಸೆಳೆಯುತ್ತದೆ. ಆದ್ದರಿಂದ ಲಾವಣಿಯಂಥವನ್ನು ಘಟನೆಗಳಿಗೆ ಕಟ್ಟಿ, ಹಿನ್ನೆಲೆಗೆ ಬೇಡ.

ಒಂದು ಸಲ ಕೂತರೆ ಎರಡು ಗಂಟೆ ಆಡುತ್ತೀರಿ, ಒಂದೊಂದು ರಚನೆ ನಾಲ್ಕು ನಿಮಿಷ ಅಂದರೆ 30 ಬೇಕು. ನಡುವೆ ಅರ್ಧ ನಿಮಿಷ ಮೌನ ಬಿಟ್ಟರೆ ಇನ್ನೂ ಕಡಿಮೆ ಸಾಕು, ಕಿವಿಗೂ ಹಿತ. 'ರಾಡೆಟ್ಸ್‌ಕಿ'ಯ ಎಷ್ಟೋ ಮುದ್ರಿಕೆಗಳಲ್ಲಿ ಸಭಿಕರ ಚಪ್ಪಾಳೆ ಇರುತ್ತದೆ. ಆಟದ ಮಧ್ಯೆ ಚಪ್ಪಾಳೆ ಕೇಳಿಸಿದರೆ ಎಲ್ಲ ಕೆಟ್ಟಿತು. ಪೂರ್ತಿ ಕೇಳಿಯೇ ಆರಿಸಿ.

ಆಮೇಲೆ ಎಲ್ಲ ಫೈಲುಗಳ ಸದ್ದನ್ನು ಒಂದೇ ಮಟ್ಟಕ್ಕೆ ತನ್ನಿ. ಅಡಾಸಿಟಿಯಲ್ಲಿ "ಲೌಡ್‌ನೆಸ್ ನಾರ್ಮಲೈಸೇಷನ್" ಅನ್ನುವ ಆಯ್ಕೆ ಇದೆ. ಅದರ ಅಳತೆ ಎಲ್‌ಯುಎಫ್‌ಎಸ್, ಅಂದರೆ ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವ ಮಾಪನ. ಅದರಲ್ಲಿ ಮೊದಲೇ ಇರುವ ಮೈನಸ್ 23 ಆಟದ ಹಿನ್ನೆಲೆಗೆ ಸರಿಹೋಗುತ್ತದೆ. ಆದರೆ ಒಂದೇ ರಚನೆಯೊಳಗೆ ಪಿಸುಮಾತೂ ಗುಡುಗೂ ಇದ್ದರೆ ಇದರಿಂದ ಸರಿಯಾಗುವುದಿಲ್ಲ. ಅಂಥದ್ದನ್ನು ಕೈಬಿಡುವುದೇ ಮೇಲು.

ಹಂತ 8: ಆಟಕ್ಕೆ ಸೇರಿಸಿ

ಆಟದ ಮೂಲ ಮ್ಯೂಸಿಕ್ ಫೋಲ್ಡರನ್ನು ಮುಟ್ಟಬೇಡಿ. ಮಾಡ್‌ಗೆಂದು ಬೇರೆ ಫೋಲ್ಡರ್ ಮಾಡಿ, ಅಲ್ಲಿ ಒಳಗಿನ ಫೋಲ್ಡರುಗಳನ್ನು ಮೂಲದ ಹಾಗೇ ಜೋಡಿಸಿಕೊಳ್ಳಿ. ಮೂಲ ಫೈಲುಗಳು ಎಂಪಿ3 ಆಗಿದ್ದರೆ ನಿಮ್ಮವೂ ಎಂಪಿ3, ಓಜಿಜಿ ಆಗಿದ್ದರೆ ಓಜಿಜಿ. ಫೈಲ್ ಹೆಸರಿನ ಕೊನೆಗಿರುವ ಎಂಪಿ3, ಓಜಿಜಿ ಅನ್ನುವ ಭಾಗವನ್ನಷ್ಟೇ ಬದಲಾಯಿಸಿದರೆ ಓಡುವುದಿಲ್ಲ, ಪರಿವರ್ತಿಸಬೇಕು. ಒಂದೇ ಟ್ರ್ಯಾಕ್ ಸುತ್ತಿ ಸುತ್ತಿ ಬರಬೇಕಾದ ಕಡೆ ಎಂಪಿ3 ತುದಿಯಲ್ಲಿ ಸಣ್ಣ ಖಾಲಿ ಜಾಗ ಬಿಡುತ್ತದೆ. ಆಯ್ಕೆ ಇದ್ದರೆ ಓಜಿಜಿ ಬಳಸಿ. ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, ಮೊದಲು 1848, ಆಮೇಲೆ ದೇಶ, ಆಮೇಲೆ ರಚನೆ. ಯಾವ ವರ್ಷದಿಂದ ನುಡಿಯಬೇಕು ಅನ್ನುವ ಷರತ್ತು ಬರೆಯುವಾಗ ಇದು ಬಹಳ ನೆರವಾಗುತ್ತದೆ.

ಪರೀಕ್ಷೆಗೆ ಆಟವನ್ನು ಮೊದಲಿಂದ ಆಡುವ ಅಗತ್ಯವಿಲ್ಲ. ಪ್ರತಿ ತುಂಡಿನ ಆರಂಭದ ಒಂದೊಂದು ಸೇವ್ ಇಟ್ಟುಕೊಂಡು, ತೆರೆದು ಸ್ವಲ್ಪ ಹೊತ್ತು ಓಡಿಸಿ. 1867ಕ್ಕೆ ಮೊದಲು 'ಬ್ಲೂ ಡ್ಯಾನ್ಯೂಬ್' ಬಂದರೆ ಷರತ್ತು ತಪ್ಪಿದೆ ಅಂತ ತಕ್ಷಣ ತಿಳಿಯುತ್ತದೆ.

ಮಾಡ್ ಹಂಚುವಾಗ ಜೊತೆಗೆ ಒಂದು ಸಾದಾ ಪಠ್ಯ ಫೈಲ್ ಇಡಿ. ಅದರಲ್ಲಿ ಪ್ರತಿ ಟ್ರ್ಯಾಕಿನ ರಚನಕಾರ, ನುಡಿಸಿದವರು, ಪರವಾನಗಿ, ಎಲ್ಲಿಂದ ತಂದದ್ದು ಎಲ್ಲ ಇರಲಿ. ಮೂರು ಪ್ರಶ್ನೆಗಳ ನಿಮ್ಮ ಸ್ಪ್ರೆಡ್‌ಶೀಟನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಬ್ರೆಜಿಲ್‌ಗೋ ಚೀನಾಕ್ಕೋ ಹಾಡು ಸೇರಿಸಲು ಹೊರಟ ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸಬಹುದು.